ಕೇಂದ್ರ ಸರ್ಕಾರದಿಂದ ಪರಿಹಾರ: ಮಂಡ್ಯದ ಕೋರ್ಟೋ, ಹೈಕೋರ್ಟೋ?

ಮಂಡ್ಯದಲ್ಲಿ ಕೇಂದ್ರ ಸರ್ಕಾರಿ ಕಚೇರಿಯೊಂದರ ಸಜ್ಜಾ ಕುಸಿದು ಕಾಲು ಮುರಿಯಿತು ಅಂತಿಟ್ಟುಕೊಳ್ಳಿ. ಊರಿನ ಸಿವಿಲ್ ಕೋರ್ಟಿಗೆ ಹೋಗುವುದಾದರೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಕೇಸು ಹಾಕುತ್ತೇನೆಂದು ಸರ್ಕಾರಕ್ಕೆ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ 2 ತಿಂಗಳು ಕಾಯಬೇಕು. ತಡ ಆಗುತ್ತೆ, ನಿಜ. ಆದರೆ ಡಾಕ್ಟರನ್ನೇ ಸಾಕ್ಷಿಗೆ ಕರೆಸಬಹುದು. ಆಸ್ಪತ್ರೆ ಬಿಲ್ಲು, ಕೈತಪ್ಪಿದ ಕೂಲಿ, ಮುಂದಿನ ಆಪರೇಷನ್ ಖರ್ಚು ಎಲ್ಲವನ್ನೂ ಲೆಕ್ಕಕ್ಕೆ ತರಬಹುದು. ಇಂಥ ಕೇಸಿಗೆ ನಾನು ಹೇಳುವುದು ಇದೇ ದಾರಿ.

ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ (ಸರ್ಕಾರದ ವಿರುದ್ಧ ನೇರವಾಗಿ ಹೈಕೋರ್ಟಿಗೇ ಹಾಕುವ ಅರ್ಜಿ) ಹಾಕಿದರೆ ಆ ಕಾಯುವಿಕೆ ಇಲ್ಲ. ಹೌರಾದ ರೈಲ್ವೆ ಯಾತ್ರಿ ನಿವಾಸದಲ್ಲಿ ಅತ್ಯಾಚಾರಕ್ಕೊಳಗಾದ ಮಹಿಳೆಗೆ 10 ಲಕ್ಷ ಸಿಕ್ಕಿದ್ದು ರಿಟ್‌ನಿಂದಲೇ. 2000ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ತಪ್ಪು ಯಾರದು ಎಂಬ ತಕರಾರೆದ್ದರೆ, ಹೈಕೋರ್ಟು ಸಿವಿಲ್ ಕೋರ್ಟಿಗೇ ಹೋಗಿ ಅನ್ನುವುದು ಜಾಸ್ತಿ.

ಪ್ರಯಾಣದಲ್ಲಿ ರೈಲಿನಿಂದ ಬಿದ್ದರೆ ಇವೆರಡೂ ಬೇಡ. ರೈಲ್ವೆ ಪರಿಹಾರದ ಕೇಸುಗಳಿಗೆಂದೇ ಇರುವ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ 1 ವರ್ಷದೊಳಗೆ ಅರ್ಜಿ ಹಾಕಿ, ಟಿಕೆಟ್ ಜೋಪಾನ.