ಬಂದದ್ದು ಒಂಬತ್ತು ಕ್ರೆಡಿಟ್, ಉಪಯೋಗಕ್ಕೆ ಸಿಕ್ಕಿದ್ದು ಆರು: ಅಲೆಕ್ಸ್, ಕ್ಲೆಪ್ ಬರೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಪ್ಲೇಸ್‌ಮೆಂಟ್ ಅಂದರೆ ಕ್ಯಾಂಪಸ್‌ಗೆ ಕಂಪನಿ ಬಂದು ಕೆಲಸ ಕೊಡುವುದಲ್ಲ. ಅಮೆರಿಕದ ಯೂನಿವರ್ಸಿಟಿಗೆ ಹೊಸದಾಗಿ ಸೇರಿದವರನ್ನು ಗಣಿತದಲ್ಲೋ ಇಂಗ್ಲಿಷಿನಲ್ಲೋ ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪರೀಕ್ಷೆಗೆ ಆ ಹೆಸರು. ಆ ಇಮೇಲ್ ಬಂದಾಗ ನಮ್ಮ ಮನೆಯವರು "ಇಷ್ಟು ಬೇಗ ಪ್ಲೇಸ್‌ಮೆಂಟಾ?" ಅಂತ ಕೇಳಿದರು. ತುಂಬ ಜನ ಹಾಗೇ ಅಂದುಕೊಳ್ಳುತ್ತಾರೆ, ಅದಕ್ಕೇ ಹೇಳಿದೆ.

ನನಗೆ ಈಗ 36. ಇಲ್ಲಿನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಬಿಸಿನೆಸ್ ಡಿಗ್ರಿಗೆ ಈ ವರ್ಷ ಸೇರಿದೆ. ಗಣಿತದ ಪುಸ್ತಕ ಮುಚ್ಚಿ 14 ವರ್ಷ ಆಗಿತ್ತು. ಸೇರುವ ಮೊದಲು ಅಲೆಕ್ಸ್ ಅನ್ನುವ ಗಣಿತದ ಪ್ಲೇಸ್‌ಮೆಂಟ್ ಟೆಸ್ಟ್ ಬರೆಯಬೇಕಿತ್ತು. ಆಮೇಲೆ ಕ್ರೆಡಿಟ್ (ಡಿಗ್ರಿ ಮುಗಿಸಲು ಒಂದೊಂದು ಕ್ಲಾಸಿನಿಂದ ಕೂಡಿಸಬೇಕಾದ ಲೆಕ್ಕ) ಸಿಗುತ್ತದೆ ಅಂತ ಗೊತ್ತಾಗಿ, ಕ್ಲಾಸಿಗೆ ಹೋಗದೆ ಕ್ರೆಡಿಟ್ ಗಳಿಸುವ ಕ್ಲೆಪ್ ಅನ್ನುವ ಪರೀಕ್ಷೆಗಳಲ್ಲಿ ಮೂರು ಬರೆದೆ. ಈ ಎರಡರ ಬಗ್ಗೆ ಮತ್ತು ಇದನ್ನೆಲ್ಲ ನೋಡಿಕೊಳ್ಳುವ ನಮ್ಮ ಯೂನಿವರ್ಸಿಟಿ ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹಾಗೆ ತಡವಾಗಿ ಓದಲು ಹೊರಟವರಿಗೆ ಇದನ್ನು ಕನ್ನಡದಲ್ಲಿ ಯಾರಾದರೂ ಹೇಳಬೇಕಿತ್ತು ಅಂತ ನನಗೆ ತುಂಬ ಸಲ ಅನಿಸಿದೆ.

ಅಲೆಕ್ಸ್‌ನಿಂದ ಶುರು ಮಾಡುತ್ತೇನೆ. ಹೆಚ್ಚೆಂದರೆ 30 ಪ್ರಶ್ನೆ. ನೀವು ಕೊಡುವ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬರುತ್ತದೆ. ಸರಿ ಉತ್ತರ ಕೊಟ್ಟರೆ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು, ಹೀಗೆ ನಿಮ್ಮ ಮಟ್ಟ ಎಲ್ಲಿದೆ ಅಂತ ಹುಡುಕುತ್ತಾ ಹೋಗುತ್ತದೆ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅನ್ನುವ ಥರ ಅಲ್ಲ, ಬಹುಪಾಲು ಉತ್ತರವನ್ನು ನೀವೇ ಬಿಡಿಸಿ ಟೈಪ್ ಮಾಡಬೇಕು. ಭಿನ್ನರಾಶಿ, ವರ್ಗಮೂಲ ಎಲ್ಲ ಅವರ ಬಟನ್ ಒತ್ತಿಯೇ ಬರೆಯಬೇಕು, ಕೈ ಕೂರಲು ಹತ್ತು ನಿಮಿಷ ಬೇಕು, ಅದಕ್ಕಂತ ಶುರುವಿನಲ್ಲೇ ಚಿಕ್ಕ ಅಭ್ಯಾಸ ಇರುತ್ತದೆ, ಅದನ್ನು ಬಿಡಬೇಡಿ. ಒಮ್ಮೆ ಉತ್ತರ ಕೊಟ್ಟು ಮುಂದೆ ಹೋದರೆ ವಾಪಸ್ ಬರಲು ಆಗುವುದಿಲ್ಲ. ಕ್ಯಾಲ್ಕುಲೇಟರ್ ಬೇಕಾದ ಪ್ರಶ್ನೆಗೆ ಮಾತ್ರ ಅದು ಪರದೆಯ ಮೇಲೆ ಬರುತ್ತದೆ. "ನನಗೆ ಗೊತ್ತಿಲ್ಲ" ಅಂತ ಒಂದು ಬಟನ್ ಇದೆ. ಗೊತ್ತಿಲ್ಲದಿದ್ದರೆ ಅದನ್ನು ಒತ್ತಿ, ನಾಚಿಕೆ ಬೇಡ. ಊಹೆ ಮಾಡಿ ಸರಿ ಬಂದುಬಿಟ್ಟರೆ ನಿಮ್ಮನ್ನು ನಿಮಗೆ ತಾಳಲಾಗದ ಕ್ಲಾಸಿಗೆ ಕಳಿಸುತ್ತದೆ, ಆಮೇಲೆ ಒದ್ದಾಡುವವರು ನಾವೇ ಅಲ್ವಾ?

ಮೊದಲ ಸಲ ಏನೂ ಓದದೆ ಬರೆದೆ. ಅಂಕ 100ಕ್ಕೆ 34 ಬಂತು. ನನ್ನ ಕೋರ್ಸಿಗೆ ಬೇಕಾದ ಬಿಸಿನೆಸ್ ಕ್ಯಾಲ್ಕುಲಸ್‌ಗೆ ನಮ್ಮಲ್ಲಿ 60 ಬೇಕು. 34 ಅಂದರೆ ಅದಕ್ಕೂ ಎರಡು ಮೆಟ್ಟಿಲು ಕೆಳಗಿನ ಬೀಜಗಣಿತದ ಕ್ಲಾಸ್. ಆ ಕ್ಲಾಸಿಗೆ ಫೀಸ್ ಉಂಟು, ಹೋಮ್‌ವರ್ಕ್ ಉಂಟು, ಪರೀಕ್ಷೆ ಉಂಟು, ಡಿಗ್ರಿಗೆ ಲೆಕ್ಕ ಆಗುವ ಕ್ರೆಡಿಟ್ ಮಾತ್ರ ಇಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಅಲೆಕ್ಸ್‌ನಲ್ಲಿ ನನಗೆ ಇಷ್ಟವಾದದ್ದು ಮುಂದಿನ ಭಾಗ. ಟೆಸ್ಟ್ ಮುಗಿದ ಮೇಲೆ ಬಣ್ಣದ ಚಕ್ರದಂಥ ಒಂದು ಚಿತ್ರ ತೋರಿಸುತ್ತದೆ, ಯಾವ ವಿಷಯ ಎಷ್ಟು ಬರುತ್ತದೆ, ಎಲ್ಲಿ ಖಾಲಿ ಇದೆ ಅಂತ. ಆ ಖಾಲಿ ಜಾಗ ತುಂಬಲು ಅದರಲ್ಲೇ ಪಾಠ ಇದೆ. ನನಗೆ ಘಾತಾಂಕ ಪೂರ್ತಿ ಮರೆತಿತ್ತು, ಲಾಗರಿದಮ್ ಅಂತೂ ಹೆಸರು ಮಾತ್ರ ನೆನಪು. ಮಗು ಮಲಗಿದ ಮೇಲೆ ದಿನಾ ಒಂದು ಗಂಟೆ, ಹೀಗೆ ಐದು ವಾರ ಕೂತೆ. ಎರಡನೇ ಸಲ 52. ಮೂರನೇ ಸಲ 66! ಎಷ್ಟು ಸಲ ಬರೆಯಬಹುದು, ನಡುವೆ ಎಷ್ಟು ದಿನ ಬಿಡಬೇಕು, ಮೊಬೈಲ್ ಪಕ್ಕಕ್ಕಿಟ್ಟು ಕ್ಯಾಮೆರಾ ಮುಂದೆ ಬರೆಯಬೇಕಾ ಅನ್ನುವುದನ್ನು ಆಯಾ ಯೂನಿವರ್ಸಿಟಿ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಐದು ಅವಕಾಶ ಇರುತ್ತದೆ. ಒಂದೇ ಸಲ ಬರೆದು ಬಂದ ಅಂಕಕ್ಕೆ ತಲೆಬಾಗಿ ಸುಮ್ನೆ ಕೆಳಗಿನ ಕ್ಲಾಸಿಗೆ ಸೇರಿಬಿಡುವವರು ನನ್ನ ಓರಿಯೆಂಟೇಷನ್ ಗುಂಪಿನಲ್ಲೇ ನಾಲ್ಕೈದು ಜನ ಇದ್ದರು, ಇನ್ನೂ ಅವಕಾಶ ಇದೆ ಅಂತ ಅವರಿಗೆ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ನನಗೆ ಇವತ್ತಿಗೂ ಬೇಜಾರು ಅದೇ. ಅಲೆಕ್ಸ್‌ಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಈ ಬೇಜಾರಿಗೆ ಕಾರಣ ಇದೆ. ಒಂದೇ ಒಂದು ಪರೀಕ್ಷೆ ನೋಡಿ ಮಕ್ಕಳನ್ನು ಕ್ರೆಡಿಟ್ ಇಲ್ಲದ ಕ್ಲಾಸಿಗೆ ಕಳಿಸುವುದು ಸರಿಯಾ ಅನ್ನುವ ಚರ್ಚೆ ಅಮೆರಿಕದಲ್ಲಿ ಬಹಳ ವರ್ಷದಿಂದ ನಡೆದಿದೆ. ಹೀಗೆ ಕೆಳಗೆ ಬಿದ್ದವರಲ್ಲಿ ಎಷ್ಟೋ ಜನ ಮೇಲಿನ ಕ್ಲಾಸಿಗೆ ತಲುಪುವ ಮೊದಲೇ ಓದು ಬಿಡುತ್ತಾರೆ. ಕಾಲೇಜು ಪ್ರವೇಶದ ಪರೀಕ್ಷೆ ನಡೆಸುವ ಎಸಿಟಿ ಸಂಸ್ಥೆ ಕಂಪಾಸ್ ಅನ್ನುವ ತನ್ನದೇ ಪ್ಲೇಸ್‌ಮೆಂಟ್ ಟೆಸ್ಟನ್ನು 2016ರಲ್ಲಿ ನಿಲ್ಲಿಸಿಬಿಟ್ಟಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿ, ಕಮ್ಯುನಿಟಿ ಕಾಲೇಜುಗಳು (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜುಗಳು) ಹೈಸ್ಕೂಲಿನ ಅಂಕ ಮತ್ತು ಅಲ್ಲಿ ಓದಿದ ವಿಷಯ ನೋಡಿ ಕ್ಲಾಸಿಗೆ ಹಾಕಬೇಕು ಅಂತ ಹೇಳಿತು. ಹಾಗಾಗಿ ನಿಮ್ಮ ಕಾಲೇಜಿನಲ್ಲಿ ಹಳೆಯ ಅಂಕಪಟ್ಟಿ ತೋರಿಸಿದರೆ ಸಾಕಾ ಅಂತ ಮೊದಲು ಕೇಳಿ. ಕೆಲವು ಕಡೆ ಟೆಸ್ಟೇ ಬೇಡ.

ಈಗ ನನಗೆ ಗೊಂದಲ ಆದ ವಿಷಯ. 66 ಬಂತಲ್ಲ, ಕೆಳಗಿನ ಎರಡು ಗಣಿತದ ಕ್ಲಾಸ್ ತಪ್ಪಿತು, ಹಾಗಾದರೆ ಅವುಗಳ ಕ್ರೆಡಿಟ್ ನನಗೆ ಸೇರಿತು ಅಂದುಕೊಂಡಿದ್ದೆ. ಇಲ್ಲ. ಪ್ಲೇಸ್‌ಮೆಂಟ್ ನಿಮ್ಮನ್ನು ಮೇಲಿನ ಕ್ಲಾಸಿನ ಬಾಗಿಲವರೆಗೆ ಬಿಡುತ್ತದೆ, ಅಷ್ಟೇ. ಡಿಗ್ರಿಗೆ ಬೇಕಾದ 120 ಕ್ರೆಡಿಟ್‌ನಲ್ಲಿ ಒಂದೂ ಕಡಿಮೆ ಆಗುವುದಿಲ್ಲ. ಕ್ರೆಡಿಟ್ ಬೇಕಾದರೆ ಬೇರೆ ಪರೀಕ್ಷೆ ಬರೆಯಬೇಕು: ಹೈಸ್ಕೂಲಿನಲ್ಲಿ ಓದುವವರಿಗೆ ಅಲ್ಲೇ ಮೇಲ್ಮಟ್ಟದ ಪಾಠ ಓದಿ ಬರೆಯುವ ಎಪಿ ಅಥವಾ ಐಬಿ, ಯಾವ ವಯಸ್ಸಿನವರಿಗಾದರೂ ಕ್ಲೆಪ್. ಡಾರ್ಟ್‌ಮತ್ ಕಾಲೇಜು ಎಪಿ ಅಂಕಕ್ಕೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸುತ್ತೇವೆ ಅಂತ 2013ರಲ್ಲಿ ಹೇಳಿದಾಗಲೂ, ಅದೇ ಅಂಕ ನೋಡಿ ಮೇಲಿನ ಕ್ಲಾಸಿಗೆ ಹಾಕುವುದನ್ನು ಬಿಡಲಿಲ್ಲ. ಎರಡೂ ಬೇರೆ ಬೇರೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಕ್ಲೆಪ್ 1967ರಿಂದ ಇದೆ. ಎಪಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯದ್ದೇ ಇದು. 34 ವಿಷಯ ಇವೆ. ಬಹುಪಾಲು 90 ನಿಮಿಷದ ಪರೀಕ್ಷೆ. ಅಂಕ 20ರಿಂದ 80ರವರೆಗೆ ಕೊಡುತ್ತಾರೆ, ಸಾಮಾನ್ಯವಾಗಿ 50 ಬಂದರೆ ಪಾಸ್ ಅಂತ ಲೆಕ್ಕ, ಆದರೆ ಕೆಲವು ಯೂನಿವರ್ಸಿಟಿ ಜಾಸ್ತಿ ಕೇಳುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಇಲ್ಲಿ ಮಾತ್ರ ಗೊತ್ತಿಲ್ಲದಿದ್ದರೂ ಒಂದನ್ನು ಒತ್ತಿ. ಮುಗಿದ ತಕ್ಷಣ ಪರದೆಯ ಮೇಲೆ ಅಂಕ ಬರುತ್ತದೆ, ಪ್ರಬಂಧ ಬರೆಯುವ ಪರೀಕ್ಷೆಗಳನ್ನು ಬಿಟ್ಟು. ಪಾಸಾಗದಿದ್ದರೆ ಅದೇ ವಿಷಯ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ಫೀಸ್ ನೂರು ಡಾಲರಿಗೆ ಸ್ವಲ್ಪ ಕಡಿಮೆ, ಅದರ ಜೊತೆಗೆ ಪರೀಕ್ಷೆ ನಡೆಸುವ ಜಾಗದವರು ಬೇರೆ ತೆಗೆದುಕೊಳ್ಳುತ್ತಾರೆ, ನಾನು ಬರೆದ ಕಡೆ 25 ಡಾಲರ್.

ಆದರೆ ನಾನು ಅಷ್ಟೂ ದುಡ್ಡು ಕೊಡಲಿಲ್ಲ, ಇದು ಎಲ್ಲರಿಗೂ ಗೊತ್ತಾಗಬೇಕಾದ ವಿಷಯ. ಮಾಡರ್ನ್ ಸ್ಟೇಟ್ಸ್ ಅಂತ ಒಂದು ಸಂಸ್ಥೆ ಇದೆ, ಲಾಭಕ್ಕೆ ನಡೆಸುವುದಲ್ಲ. ಅವರ ಆನ್‌ಲೈನ್ ಪಾಠ ಉಚಿತ. ಕೋರ್ಸ್ ಮುಗಿಸಿದರೆ ಕ್ಲೆಪ್ ಫೀಸಿಗೆ ವೋಚರ್ ಕೊಡುತ್ತಾರೆ. ಪರೀಕ್ಷೆ ಬರೆದ ಮೇಲೆ ರಸೀದಿ ಕಳಿಸಿದರೆ ಆ ಜಾಗದ ಫೀಸನ್ನೂ ವಾಪಸ್ ಕೊಡುತ್ತಾರೆ. ನಾನು ಮನಃಶಾಸ್ತ್ರ ಮತ್ತು ಮ್ಯಾಕ್ರೋ ಇಕನಾಮಿಕ್ಸ್ ಎರಡನ್ನೂ ಹೀಗೇ ಬರೆದೆ. ಮನಃಶಾಸ್ತ್ರದಲ್ಲಿ 61, ಇಕನಾಮಿಕ್ಸ್‌ನಲ್ಲಿ 57. ಒಂದೊಂದಕ್ಕೆ ಮೂರು ಕ್ರೆಡಿಟ್. ನಮ್ಮಲ್ಲಿ ಒಂದು ಕ್ರೆಡಿಟ್‌ಗೆ 380 ಡಾಲರ್, ಅಂದರೆ 2,280 ಡಾಲರ್ ಉಳಿಯಿತು. ಮನೆಯಲ್ಲಿ ಒಬ್ಬರ ಸಂಬಳ ಮಾತ್ರ ಇರುವವರಿಗೆ ಇದು ಚಿಕ್ಕ ದುಡ್ಡಲ್ಲ.

ಮೂರನೆಯದು ಫೈನಾನ್ಷಿಯಲ್ ಅಕೌಂಟಿಂಗ್. ಇದಕ್ಕೆ ನಾನು ಜಾಸ್ತಿ ಓದಿದ್ದೆ. ಸುಮಾರು ಎರಡು ತಿಂಗಳು ಜರ್ನಲ್ ಎಂಟ್ರಿ, ಸವಕಳಿ, ನಗದು ಹರಿವು ಅಂತ ನೋಟ್‌ಬುಕ್ ತುಂಬಿಸಿದ್ದೆ. 54 ಬಂತು, ಪಾಸ್. ಯೂನಿವರ್ಸಿಟಿ ವೆಬ್‌ಸೈಟಿನ ಪಟ್ಟಿಯಲ್ಲಿ ಈ ವಿಷಯದ ಎದುರು "ಮೂರು ಕ್ರೆಡಿಟ್" ಅಂತ ಇತ್ತು, ನಾನು ಅಷ್ಟನ್ನು ನೋಡಿ ಧೈರ್ಯ ಮಾಡಿದ್ದೆ. ಸೇರಿದ ಮೇಲೆ ನನ್ನ ಡಿಗ್ರಿಯ ಲೆಕ್ಕದ ಹಾಳೆ ತೆಗೆದು ನೋಡಿದರೆ ಅದು "ಇತರೆ ಐಚ್ಛಿಕ" ಅನ್ನುವ ಸಾಲಿನಲ್ಲಿ ಕೂತಿದೆ. ನಮ್ಮ ಯೂನಿವರ್ಸಿಟಿಯದ್ದೇ ವಿಭಾಗವಾದ ಬಿಸಿನೆಸ್ ಕಾಲೇಜು ತನ್ನ ಮುಖ್ಯ ಅಕೌಂಟಿಂಗ್ ಕ್ಲಾಸಿನ ಬದಲಿಗೆ ಕ್ಲೆಪ್ ಒಪ್ಪುವುದಿಲ್ಲವಂತೆ. ನನ್ನ ಕೋರ್ಸಿನಲ್ಲಿ ಐಚ್ಛಿಕಕ್ಕೆ ಜಾಗವೇ ಇಲ್ಲ. ಕ್ರೆಡಿಟ್ ಬಂದಿದೆ, ಆದರೆ ಅದರಿಂದ ಒಂದು ಕ್ಲಾಸೂ ಕಡಿಮೆ ಆಗಲಿಲ್ಲ.

ಇದನ್ನೆಲ್ಲ ನೋಡಿಕೊಳ್ಳುವ ಟೆಸ್ಟಿಂಗ್ ಆಫೀಸಿಗೆ ಇಮೇಲ್ ಮಾಡಿದೆ. ಹನ್ನೊಂದು ದಿನ ಉತ್ತರ ಇಲ್ಲ. ಆಮೇಲೆ ಬಂದ ಉತ್ತರದಲ್ಲಿ ಅದೇ ಪಟ್ಟಿಯ ಲಿಂಕ್! ನೇರ ಹೋಗಿ ಕೂತೆ. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು, ಗಮನ ಕೊಟ್ಟು ಕೇಳಿದಳು, ಆದರೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಟೆಸ್ಟಿಂಗ್ ಆಫೀಸಿನವರು ಅಡ್ವೈಸರ್ ಹತ್ತಿರ ಹೋಗಿ ಅಂದರು, ಅಡ್ವೈಸರ್ ಬಿಸಿನೆಸ್ ಕಾಲೇಜಿನ ಹತ್ತಿರ ಹೋಗಿ ಅಂದರು. ಬಿಸಿನೆಸ್ ಕಾಲೇಜಿನವರು ಐದೇ ನಿಮಿಷದಲ್ಲಿ "ಆಗುವುದಿಲ್ಲ" ಅಂತ ಸ್ಪಷ್ಟವಾಗಿ ಹೇಳಿದರು, ಅವರ ಮೇಲೆ ನನಗೆ ಕೋಪ ಇಲ್ಲ. ಕೋಪ ಇರುವುದು ಆ ಪಟ್ಟಿಯ ಮೇಲೆ. "ಮೂರು ಕ್ರೆಡಿಟ್" ಅನ್ನುವುದರ ಪಕ್ಕದಲ್ಲಿ "ಬಿಸಿನೆಸ್ ವಿದ್ಯಾರ್ಥಿಗಳಿಗೆ ಮುಖ್ಯ ಕ್ಲಾಸಿನ ಬದಲು ನಡೆಯುವುದಿಲ್ಲ" ಅಂತ ಒಂದು ಸಾಲು ಹಾಕಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು. ಪರೀಕ್ಷೆಯಾಗಿ ಕ್ಲೆಪ್‌ಗೆ ನಾಲ್ಕು, ನಮ್ಮ ಆಫೀಸಿಗೆ ಎರಡು.

ನೀವು ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ "ಇದಕ್ಕೆ ಕ್ರೆಡಿಟ್ ಕೊಡುತ್ತೀರಾ" ಅಂತ ಅಲ್ಲ. "ಇದು ಬರೆದರೆ ನನ್ನ ಡಿಗ್ರಿಯಲ್ಲಿ ಯಾವ ಕ್ಲಾಸ್ ತಪ್ಪುತ್ತದೆ, ಆ ಕ್ಲಾಸಿನ ನಂಬರ್ ಏನು" ಅಂತ ಕೇಳಿ. ಉತ್ತರ ಇಮೇಲಿನಲ್ಲೇ ತರಿಸಿಕೊಳ್ಳಿ. ಪರೀಕ್ಷೆಯಿಂದ ಒಟ್ಟು ಎಷ್ಟು ಕ್ರೆಡಿಟ್‌ವರೆಗೆ ಒಪ್ಪುತ್ತಾರೆ ಅಂತಲೂ ಕೇಳಿ, ಅದಕ್ಕೆ ಹಲವು ಕಡೆ ಮಿತಿ ಇದೆ.

ಮಕ್ಕಳು ಎಪಿ ಬರೆಯುತ್ತಿರುವ ಮನೆಯವರಿಗೆ ಎರಡು ಮಾತು. ಎಪಿ ಅಂಕ 1ರಿಂದ 5. ಇಲಿನಾಯ್‌ನಂಥ ರಾಜ್ಯಗಳಲ್ಲಿ ಸರ್ಕಾರಿ ಯೂನಿವರ್ಸಿಟಿಗಳು 3 ಬಂದರೂ ಕ್ರೆಡಿಟ್ ಕೊಡಬೇಕು ಅಂತ ಕಾನೂನಿದೆ, ಖಾಸಗಿ ಕಡೆ 4 ಅಥವಾ 5 ಕೇಳುವುದು ಜಾಸ್ತಿ. ಪರೀಕ್ಷೆ ಮೇ ತಿಂಗಳಲ್ಲಿ, ಅಂಕ ಜುಲೈನಲ್ಲಿ. ಪ್ರತಿ ವರ್ಷ ಒಂದು ಕಾಲೇಜಿಗೆ ಅಂಕವನ್ನು ಉಚಿತವಾಗಿ ಕಳಿಸಬಹುದು, ಜೂನ್ 20ರೊಳಗೆ ಕಾಲೇಜು ಆರಿಸಬೇಕು. ಎಷ್ಟೋ ಮಕ್ಕಳು ಅಂಕ ಬಂತು ಅಂತ ಖುಷಿಪಟ್ಟು ಕಳಿಸುವುದನ್ನೇ ಮರೆಯುತ್ತಾರೆ, ಕ್ಲಾಸ್ ಆರಿಸುವ ಹೊತ್ತಿಗೆ ಯೂನಿವರ್ಸಿಟಿಯಲ್ಲಿ ಅವರ ಹೆಸರಿನ ಮುಂದೆ ಏನೂ ಇರುವುದಿಲ್ಲ. ಡಾಕ್ಟರ್ ಆಗಬೇಕು ಅನ್ನುವ ಮಕ್ಕಳಿದ್ದರೆ ಇನ್ನೂ ಒಂದು: ಕೆಲವು ಮೆಡಿಕಲ್ ಸ್ಕೂಲ್‌ಗಳು ಬಯಾಲಜಿ, ಕೆಮಿಸ್ಟ್ರಿಗೆ ಎಪಿ ಕ್ರೆಡಿಟ್ ಒಪ್ಪುವುದಿಲ್ಲ, ಆ ಕ್ಲಾಸನ್ನು ಕಾಲೇಜಿನಲ್ಲೇ ಓದಿರಬೇಕು ಅನ್ನುತ್ತವೆ.

ಕೊನೆಯಲ್ಲಿ ನನಗೆ ತುಂಬ ಸಂತೋಷ ಕೊಟ್ಟ ವಿಷಯ. ಹಲವು ಡಿಗ್ರಿಗಳಿಗೆ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಬರಬೇಕು ಅನ್ನುವ ನಿಯಮ ಇದೆ. ಎಲ್ಲರೂ ಸ್ಪ್ಯಾನಿಷ್ ಕ್ಲಾಸಿಗೆ ಸೇರಿಕೊಳ್ಳುತ್ತಾರೆ. ಅವಾಂಟ್ ಸ್ಟ್ಯಾಂಪ್ ಅನ್ನುವ ಭಾಷಾ ಪರೀಕ್ಷೆಯಲ್ಲಿ ಕನ್ನಡವೂ ಇದೆ, ಬರೆಯುವುದು ಮತ್ತು ಮಾತಾಡುವುದು. ಅದನ್ನು ಒಪ್ಪುವುದು ಬಿಡುವುದು ಆಯಾ ಯೂನಿವರ್ಸಿಟಿಗೆ ಬಿಟ್ಟದ್ದು. ಈ ಸಲ ನಾನು ಮೊದಲೇ ಕೇಳಿದೆ, ಯಾವ ಕ್ಲಾಸ್ ತಪ್ಪುತ್ತದೆ ಅಂತ ನಂಬರ್ ಸಮೇತ. ಭಾಷಾ ವಿಭಾಗದಿಂದ ಎರಡೇ ದಿನಕ್ಕೆ ಉತ್ತರ ಬಂತು: ಬೇಕಾದ ಮಟ್ಟ ಬಂದರೆ ಭಾಷೆಯ ನಿಯಮ ಪೂರ್ತಿ ಮುಗಿಯುತ್ತದೆ, ಕ್ರೆಡಿಟ್ ಮಾತ್ರ ಇರುವುದಿಲ್ಲ. ನನಗೆ ಅಷ್ಟು ಸಾಕು. ಮುಂದಿನ ತಿಂಗಳು ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ವೇಗ ಸಾಲದು ಅಂತ ದಿನಾ ಒಂದೊಂದು ಪುಟ ಅಭ್ಯಾಸ ಮಾಡುತ್ತಿದ್ದೇನೆ, ಈ ಬರಹವೂ ಹಾಗೆ ಟೈಪ್ ಮಾಡಿದ್ದೇ.