ರಂಗಪಂಚಮಿಗೆ ಮಕ್ಕಳನ್ನು ಬಿಸಿಲಿಗೆ ಬಿಡುವವರೇ, ಇದನ್ನು ಓದಿ

ಹುಬ್ಬಳ್ಳಿಯಲ್ಲಿ ಹೋಳಿಯ ಬಣ್ಣ ಅಂದ್ರೆ ರಂಗಪಂಚಮಿ. ಬೆಳಗ್ಗೆ ಶುರುವಾದರೆ ಮಧ್ಯಾಹ್ನ ಊಟದ ಹೊತ್ತಿನವರೆಗೂ ಮಕ್ಕಳು ಮನೆಯೊಳಗೆ ಬರಲ್ಲ. ಈ ಸಲ ನಮ್ಮ ಅಕ್ಕನ ಮಗನ ಮೈ ಸುಟ್ಟು ಗುಳ್ಳೆ ಎದ್ದವು. ಆರು ವರ್ಷದ ಹುಡುಗ, ಭಾಳ ಬೆಳ್ಳಗಿದ್ದಾನೆ. ಬೆಳ್ಳನೆಯ ಚರ್ಮದಲ್ಲಿ ಬಿಸಿಲನ್ನು ತಡೆಯುವ ಮೆಲನಿನ್ ಕಡಿಮೆ, ಹಾಗಾಗಿ ಬೇಗ ಸುಡುತ್ತದೆ. ಕಪ್ಪಗಿರುವ ಮಕ್ಕಳಿಗೆ ಏನೂ ಆಗಲ್ಲ ಅಂತಲ್ಲ, ಸ್ವಲ್ಪ ತಡವಾಗುತ್ತದೆ ಅಷ್ಟೆ.

ಅಕ್ಕ ಮುಂಚೆಯೇ ಅಂಗಡಿಗೆ ಹೋಗಿ ಮಕ್ಕಳಿಗೆ ಸನ್‌ಸ್ಕ್ರೀನ್ ಕೇಳಿದ್ದಳು. "ಇದರಾಗ ಎಲ್ಲಾ ಐತ್ರಿ ಅಕ್ಕಾರ, ಬಿಸಲಿಗೂ ಆಗತೈತಿ" ಅಂತ ಹೇಳಿ ಕೊಟ್ಟಿದ್ದು ಬೆಳ್ಳಗಾಗುವ ಕ್ರೀಮು. ಟ್ಯೂಬಿನ ಹಿಂದೆ ಚಿಕ್ಕ ಅಕ್ಷರದಲ್ಲಿ ಎಸ್‌ಪಿಎಫ್ 15 ಅಂತಿತ್ತು; ಚರ್ಮ ಸುಡದಂತೆ ಕ್ರೀಮು ಎಷ್ಟು ತಡೆಯುತ್ತದೆ ಅನ್ನುವ ಅಂಕಿ ಅದು. ಬೆಳ್ಳಗಿರುವ ಹುಡುಗನಿಗೆ ಬೆಳ್ಳಗಾಗುವ ಕ್ರೀಮು! ಮಕ್ಕಳಿಗೆ ತರುವಾಗ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಬೇಕು. ಆ ಅಂಕಿ ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಚರ್ಮ ಸುಡುವ ಯುವಿಬಿಯದ್ದು. ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣಕ್ಕೆ, ಅದರ ತಡೆಯನ್ನು ತೋರಿಸುವ ಪಿಎ ಅನ್ನೋ ಗುರುತಿನ ಪಕ್ಕದಲ್ಲಿ ಮೂರು ಪ್ಲಸ್ ಇದೆಯಾ ನೋಡಿ. ನೀರಿಗೆ ತಡೆಯುತ್ತದೆ ಅಂತ ಬರೆದಿರಬೇಕು. ಜಿಂಕ್ ಆಕ್ಸೈಡ್ ಇರುವುದು ಮಕ್ಕಳ ಚರ್ಮಕ್ಕೆ ಒಳ್ಳೇದು.

ಹುಡುಗ ಬಣ್ಣ ಆಡಲು ಹೋಗಿದ್ದು ಟಿಕೆಟ್ ಇಟ್ಟು ನಡೆಸಿದ ಒಂದು ರೇನ್ ಡ್ಯಾನ್ಸಿಗೆ. ಟಿಕೆಟ್ ಮೇಲೆ "ನೆರಳಿನ ವ್ಯವಸ್ಥೆ ಇದೆ" ಅಂತ ಅಚ್ಚಾಗಿತ್ತು. ಹೋಗಿ ನೋಡಿದರೆ ಶಾಮಿಯಾನ ಇದ್ದಿದ್ದು ಡಿಜೆ ಮೇಲೆ ಮಾತ್ರ. ಮಕ್ಕಳಿಗೆ ಒಂದೊಂದು ಪುಕ್ಕಟೆ ಕ್ಯಾಪ್ ಕೊಟ್ಟು ಬಯಲಿಗೆ ಬಿಟ್ಟರು. ಮೇಲಿಂದ ತಣ್ಣೀರು ಬೀಳುತ್ತಿದ್ದರೆ ಬಿಸಿಲು ಚುರುಕು ಅನ್ನಿಸುವುದೇ ಇಲ್ಲ, ಅಲ್ವಾ? ಆದರೆ ಚರ್ಮ ಸುಡುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ಅತಿನೇರಳೆ ಕಿರಣ. ನೀರಿನ ಹನಿ ಅದನ್ನು ತಡೆಯಲ್ಲ. ಒದ್ದೆಯಾದ ತೆಳು ಬಿಳಿ ಬನಿಯನ್ ಅಂತೂ ಒಣ ಬನಿಯನ್‌ಗಿಂತ ಜಾಸ್ತಿ ಕಿರಣ ಒಳಗೆ ಬಿಡುತ್ತದೆ. ಈ ಕಿರಣ ಎಷ್ಟು ಜೋರಿದೆ ಅಂತ ಹೇಳುವ ಯುವಿ ಸೂಚ್ಯಂಕ 3 ಮುಟ್ಟಿದರೇ ಹುಷಾರಾಗಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಡೆ ಮಾರ್ಚ್ ಮಧ್ಯಾಹ್ನ ಅದು 10 ದಾಟುತ್ತದೆ.

ಮನೆಗೆ ಬಂದಾಗ ಮೈಯೆಲ್ಲ ಗುಲಾಬಿ ಬಣ್ಣ, ಏನೂ ಗೊತ್ತಾಗಲಿಲ್ಲ. ತೊಳೆದಷ್ಟೂ ಹೋಗುತ್ತಿಲ್ಲ ಅಂತ ಅಕ್ಕ ಕಡಲೆಹಿಟ್ಟು ಹಚ್ಚಿ ತಿಕ್ಕಿದರೆ ಹುಡುಗ ಚೀರಿಕೊಂಡ. ಅದು ಬಣ್ಣ ಅಲ್ಲ, ಸುಟ್ಟ ಚರ್ಮ. ಪಿಚಕಾರಿಯ ಪಟ್ಟಿ ಇದ್ದ ಜಾಗ ಮಾತ್ರ ಎದೆಯ ಮೇಲೆ ಅಡ್ಡಡ್ಡ ಬೆಳ್ಳಗೆ ಉಳಿದಿತ್ತು. ಕ್ಯಾಪಿನ ಅಂಚು ಹಣೆಯನ್ನಷ್ಟೇ ಕಾಪಾಡಿತ್ತು. ಕಿವಿಯ ತುದಿ, ಕತ್ತಿನ ಹಿಂಭಾಗ ಕೆಂಪು ಕೆಂಪು. ಸಂಜೆಗೆ ಉರಿ, ರಾತ್ರಿ ಜ್ವರ, ಮರುದಿನ ಕಿವಿ ಮೇಲೆ ನೀರುಗುಳ್ಳೆ. ಸುತ್ತಲೂ ಅಗಲ ಅಂಚಿರುವ ಬಟ್ಟೆ ಟೋಪಿಯೇ ಬೇಕು ಅನ್ನುವುದು ಇದಕ್ಕೇ.

ಬಾಜೂ ಮನೆಯವರು "ಲಿಂಬಿಹಣ್ಣು ತಿಕ್ಕ್ರೀ, ಬಣ್ಣ ಬಿಡತೈತಿ" ಅಂದಿದ್ದರು. ಪುಣ್ಯಕ್ಕೆ ಮನೆಯಲ್ಲಿ ಲಿಂಬೆ ಇರಲಿಲ್ಲ. ಲಿಂಬೆರಸ ಮೈಮೇಲೆ ಉಳಿದು ಬಿಸಿಲು ತಾಗಿದರೆ ಚೆನ್ನಾಗಿರುವ ಚರ್ಮದಲ್ಲೂ ಗುಳ್ಳೆ ಏಳುತ್ತವೆ. ನೋಡಲು ಬಂದ ನೆಂಟರದ್ದು ಇನ್ನೊಂದು ಚಿಂತೆ: ಹುಡುಗ ಕರ್ರಗಾಗಿಬಿಟ್ಟಾನೇನು ಅಂತ! ಉರಿಯ ಬಗ್ಗೆ ಒಬ್ಬರೂ ಕೇಳಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಐಸ್ ಬೇಡ. ಗುಳ್ಳೆ ಒಡೆಯಬೇಡಿ. ಅರಿಶಿನ, ಟೂತ್‌ಪೇಸ್ಟ್ ಏನೂ ಮೆತ್ತಬೇಡಿ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಸಿ. ಗುಳ್ಳೆ ಎದ್ದು ಜ್ವರ ಬಂದರೆ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಸನ್‌ಸ್ಕ್ರೀನ್ ಹೊರಡುವ ಕಾಲು ಗಂಟೆ ಮೊದಲೇ ಹಚ್ಚಿ, ಮುಖ ಕತ್ತಿಗೆ ಎರಡು ಬೆರಳುದ್ದ. ಆಮೇಲೆ ಎರಡು ಗಂಟೆಗೊಮ್ಮೆ, ನೀರಾಟದಲ್ಲಿದ್ದರೆ ಇನ್ನೂ ಬೇಗ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ನೆರಳೇ ಸಾಕು.

ಆಯೋಜಕರಿಗೆ ಫೋನ್ ಮಾಡಿದರೆ "ಬಿಸಲಿಗೆ ನಾವೇನ್ ಮಾಡೂಣ್ರಿ" ಅಂದರು. ಮುಂದಿನ ವರ್ಷ ಯಾರಾದರೂ ಇಂಥ ಟಿಕೆಟ್ ಮಾರಲು ಬಂದರೆ, ಮಕ್ಕಳು ಆಡುವ ಜಾಗದ ಮೇಲೆ ಶಾಮಿಯಾನ ಕಟ್ಟಿರುವ ಫೋಟೋ ಕೇಳಿ, ಆಮೇಲೆ ದುಡ್ಡು ಕೊಡಿ.