ಲಿನಕ್ಸ್‌ನಲ್ಲಿ ಮೈಕ್ ಗದ್ದಲ ಕಳೆಯಲು ಯಾವುದು ವಾಸಿ?

ಮೈಕ್‌ಗೆ ನುಗ್ಗುವ ಗದ್ದಲ ಕಳೆಯಲು ಲಿನಕ್ಸ್‌ನಲ್ಲಿ ಈಗ ದಾರಿಗಳಿಗೆ ಬರವಿಲ್ಲ. ಮೂರನ್ನು ಒಂದೇ ಮೈಕ್‌ನಲ್ಲಿ, ಒಂದೇ ಕೋಣೆಯಲ್ಲಿ ಹಾಕಿ ನೋಡಿದೆ: ಬ್ರೌಸರ್ ಕಾಲ್‌ಗಳಿಗೆಂದು ಮಾಡಿದ ವೆಬ್‌ಆರ್‌ಟಿಸಿಯ ಫಿಲ್ಟರ್, ನ್ಯೂರಲ್ ನೆಟ್‌ವರ್ಕ್ ಬಳಸುವ ಆರ್‌ಎನ್‌ನಾಯ್ಸ್ ಮತ್ತು ಡೀಪ್‌ಫಿಲ್ಟರ್‌ನೆಟ್. ಮೇಲೆ ಫ್ಯಾನ್, ಮುಂದೆ ಟಕಟಕ ಎನ್ನುವ ಕೀಬೋರ್ಡ್. ಗದ್ದಲ ಎಷ್ಟು ಹೋಯಿತು ಅನ್ನುವುದಕ್ಕಿಂತ ದನಿ ಎಷ್ಟು ಉಳಿಯಿತು ಅನ್ನುವುದೇ ನನಗೆ ಮುಖ್ಯ.

ವೆಬ್‌ಆರ್‌ಟಿಸಿಯದ್ದು, ಲಿನಕ್ಸ್‌ನಲ್ಲಿ ದನಿಯನ್ನು ನಿಭಾಯಿಸುವ ಪೈಪ್‌ವೈರ್‌ನ ಎಕೋ ಕ್ಯಾನ್ಸಲ್ ಮಾಡ್ಯೂಲ್ ಮೂಲಕ ಸಿಗುತ್ತದೆ. ಒಂದೇ ಸಮನೆ ಬರುವ ಫ್ಯಾನ್ ಸದ್ದನ್ನು ಚೆನ್ನಾಗಿ ಇಳಿಸಿತು. ಕೀಬೋರ್ಡ್ ಮುಂದೆ ಮಾತ್ರ ಅದರ ಆಟ ನಡೆಯಲಿಲ್ಲ. ಆದರೆ ಸ್ಪೀಕರ್‌ನಿಂದ ಮೈಕ್‌ಗೆ ವಾಪಸ್ ಬರುವ ದನಿಯನ್ನು ತಡೆಯುವುದು ಈ ಮೂರರಲ್ಲಿ ಇದೊಂದೇ.

ಆರ್‌ಎನ್‌ನಾಯ್ಸ್ 2017ರಲ್ಲಿ ಬಂದದ್ದು. ದನಿಯನ್ನು ಕುಗ್ಗಿಸಿ ಕಳಿಸುವ ಓಪಸ್ ಕೋಡೆಕ್ ರೂಪಿಸಿದವರಲ್ಲಿ ಒಬ್ಬರಾದ ಜಾನ್-ಮಾರ್ಕ್ ವಾಲಿನ್ ಅವರ ಕೆಲಸ. ದನಿಯನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ತೆಗೆದುಕೊಂಡು, 22 ಆವರ್ತನ ಪಟ್ಟಿಗಳಾಗಿ ಒಡೆದು, ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕು ಎಂದು ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ನಿರ್ಧರಿಸುತ್ತದೆ. ಸಿಪಿಯುಗೆ ಇದು ಹೊರೆಯೇ ಅಲ್ಲ. ಇದನ್ನೇ ಬಳಸುವ ನಾಯ್ಸ್‌ಟಾರ್ಚ್ ಎಂಬ ಆ್ಯಪ್ ಹಾಕಿಕೊಂಡರೆ ಮೈಕ್ ಆರಿಸಿ ಒಂದು ಬಟನ್ ಒತ್ತಿದರೆ ಸಾಕು, ಮೈಕ್‌ಗಳ ಪಟ್ಟಿಯಲ್ಲಿ ಹೊಸ ಮೈಕ್ ಒಂದು ಕಾಣುತ್ತದೆ. ಕೀಬೋರ್ಡ್ ಸದ್ದು ಮುಕ್ಕಾಲು ಪಾಲು ಮಾಯ. ತೊಂದರೆ ಇರುವುದು ನಾಯ್ಸ್‌ಟಾರ್ಚ್‌ನ ಥ್ರೆಶೋಲ್ಡ್ ಸ್ಲೈಡರ್‌ನಲ್ಲಿ, ಅಂದರೆ ಯಾವುದನ್ನು ಮಾತೆಂದು ಒಳಬಿಡಬೇಕು ಎಂಬ ಮಟ್ಟದಲ್ಲಿ. ಅದನ್ನು ಏರಿಸಿದಷ್ಟೂ ಮೌನ ಜಾಸ್ತಿ, ಆದರೆ ಮೆಲ್ಲಗೆ ಹೇಳಿದ ಮಾತಿನ ಕೊನೆಯ ಅಕ್ಷರಗಳೂ ಉದುರಿ ಹೋಗುತ್ತವೆ. ‘ಬಂದಿದ್ದಾರೆ’ ಎಂದರೆ ಆ ಕಡೆಯವರಿಗೆ ‘ಬಂದಿದ್ದಾ’ ಅಷ್ಟೇ. ಸ್ಲೈಡರ್ ಕೆಳಗೇ ಇರಲಿ.

ಡೀಪ್‌ಫಿಲ್ಟರ್‌ನೆಟ್ ಬೇರೆಯೇ ಮಟ್ಟದ್ದು. ಮೊದಲು ದನಿಯ ಒಟ್ಟು ಆಕಾರ ಸರಿಪಡಿಸುತ್ತದೆ, ಆಮೇಲೆ ಕೆಳಗಿನ ಆವರ್ತನಗಳಲ್ಲಿ ಇನ್ನೊಂದು ಸುತ್ತು ಸೂಕ್ಷ್ಮವಾಗಿ ಶೋಧಿಸುತ್ತದೆ. ಫ್ಯಾನ್ ಹೋಯಿತು, ಕೀಬೋರ್ಡ್ ಹೋಯಿತು, ದನಿಯ ತುಂಬು ಹಾಗೇ ಉಳಿಯಿತು. ದನಿಗೆ ಎಫೆಕ್ಟ್ ಹಾಕುವ ಈಸಿಎಫೆಕ್ಟ್ಸ್ ಆ್ಯಪ್‌ನಲ್ಲಿ ಇದನ್ನು ಸೇರಿಸಿಕೊಳ್ಳಬಹುದು, ಆದರೆ ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬಗೆಗಳಲ್ಲಿ) ಪ್ಲಗಿನ್ ಬೇರೆ ಹಾಕಬೇಕು. ಸಿಪಿಯು ಜಾಸ್ತಿ ತಿನ್ನುತ್ತದೆ. ಮುಂದಿನ ತುಂಡುಗಳನ್ನೂ ನೋಡಿ ನಿರ್ಧರಿಸುವುದರಿಂದ ದನಿ ತುಸು ತಡವಾಗಿ ಹೊರಬರುತ್ತದೆ. ಮಾತುಕತೆಯಲ್ಲಿ ಇದು ಗೊತ್ತಾಗುವುದಿಲ್ಲ, ನಮ್ಮ ದನಿಯನ್ನು ನಾವೇ ಹೆಡ್‌ಫೋನ್‌ನಲ್ಲಿ ಕೇಳಿಸಿಕೊಂಡರೆ ಕಿರಿಕಿರಿ. ಇನ್ನೊಂದು ವಿಷಯ: ಗದ್ದಲವನ್ನು ಹೆಚ್ಚೆಂದರೆ ಎಷ್ಟು ಡೆಸಿಬಲ್ ಇಳಿಸಬೇಕು ಎಂಬ ಮಿತಿ ಇದರಲ್ಲಿದೆ. ಮಿತಿ ಹಾಕದೆ ಪೂರ್ತಿ ಇಳಿಯಲು ಬಿಟ್ಟರೆ ಮಾತಿನ ನಡುವೆ ಸ್ಮಶಾನ ಮೌನ, ಕಾಲ್ ಕಟ್ಟಾಯಿತೇನೋ ಅನಿಸುತ್ತದೆ. ಮಿತಿಯನ್ನು 20ರ ಸುಮಾರಿಗೆ ಇಟ್ಟಾಗ ಹಿನ್ನೆಲೆ ತೆಳುವಾಗಿ ಉಳಿದು ಸಹಜವಾಗಿತ್ತು.

ಹಾಗಾಗಿ ರೆಕಾರ್ಡಿಂಗ್‌ಗೆ ಡೀಪ್‌ಫಿಲ್ಟರ್‌ನೆಟ್. ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಕಾಲ್ ಅಂದರೆ ನಾಯ್ಸ್‌ಟಾರ್ಚ್. ಹೆಡ್‌ಫೋನ್ ಇಲ್ಲದೆ ಸ್ಪೀಕರ್‌ನಲ್ಲೇ ಮಾತಾಡುವವರಿಗೆ ವೆಬ್‌ಆರ್‌ಟಿಸಿ.

ಯಾವುದನ್ನೇ ಹಾಕಿ, ಮೀಟಿಂಗ್ ಆ್ಯಪ್‌ನ ಒಳಗಿರುವ ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಎರಡೆರಡು ಸಲ ಶೋಧಿಸಿದರೆ ನೀರಿನೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರಂತೂ ಮೂರೂ ಕೈಚೆಲ್ಲುತ್ತವೆ. ಅದೂ ಮನುಷ್ಯರ ದನಿಯೇ ಅಲ್ವಾ? ಆಗ ಮೈಕನ್ನು ಬಾಯಿಯ ಹತ್ತಿರ ತಂದು ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿ.